ಟೇಪಿನ ಅಳತೆಗೆ ಸಿಗದ ಕಂಪ್ಯೂಟರು

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ನಾನು ಒಂದು ಕಂಪ್ಯೂಟರ್ ಜೋಡಿಸಿ ಮುಗಿಸಬಲ್ಲೆ. ಜೋಡಿಸಿಯೂ ಇದ್ದೇನೆ. ಇದುವರೆಗೆ ಮುನ್ನೂರ ಹನ್ನೆರಡು. ಮುನ್ನೂರ ಹದಿಮೂರನೆಯದು ನಾನು ಸೀನಿದ ರಭಸಕ್ಕೆ ತಾನೇ ಜೋಡಿಸಿಕೊಂಡಿತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಂಥ ನಾನು ಮಹಡಿಯ ಮೇಲೇ ಇರುವಾಗ ಕೆಳಗಿನ ಮನೆಯ ಗೆಳೆಯ ಟೇಪು ತನ್ನ ಮೊದಲ ಕಂಪ್ಯೂಟರ್ ಕಟ್ಟಲು ಹೋಗಿ ಒಂದೇ ದಿನದಲ್ಲಿ ಪಟ್ಟ ಪಾಡನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತದೆ.

ಟೇಪು ಮನೆ ನಕ್ಷೆ ಬರೆಯುವವನು. ಸೊಂಟದಲ್ಲಿ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುವುದರಿಂದ ಆ ಹೆಸರು. ಊಟಕ್ಕೆ ಕೂತರೆ ತಟ್ಟೆಗೂ ಲೋಟಕ್ಕೂ ಎಷ್ಟು ದೂರ ಎಂದು ಅಳೆದು ನೋಡುವ ಆಸಾಮಿ. ಅವನಿದ್ದ ಆಫೀಸು ಹೋದ ತಿಂಗಳು ಬಾಗಿಲು ಹಾಕಿತು. ಆಮೇಲೆ ಒಬ್ಬ ಕಂಟ್ರಾಕ್ಟರು ಸಿಕ್ಕಿದರು. ಒಂದು ವರ್ಷದ ಪೂರ್ತಿ ಕೆಲಸ ಕೊಡಲು ತಯಾರಿದ್ದರು, ಷರತ್ತು ಒಂದೇ.

"ಮನೇಲಿ ಸ್ವಂತ ಕಂಪ್ಯೂಟರ್ ಇರಬೇಕು. ಮೂರು ವಾರ ಬಿಟ್ಟು ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ನನ್ನೆದುರಿಗೇ ನಕ್ಷೇಲಿ ಒಂದು ಮೆಟ್ಟಿಲು ತಿದ್ದಿ ತೋರಿಸಿ. ಆಗಲ್ಲ ಅಂದ್ರೆ ಬೇಜಾರಿಲ್ಲ, ಇನ್ನೊಬ್ಬರು ಕಾಯ್ತಾ ಇದ್ದಾರೆ."

ರೆಡಿ ಕಂಪ್ಯೂಟರ್ ಕೊಳ್ಳುವ ಶಕ್ತಿ ಟೇಪಿಗಿರಲಿಲ್ಲ. ಬಿಡಿಭಾಗ ತಂದು ಮನೆಯಲ್ಲೇ ಕಟ್ಟುವುದೆಂದಾಯಿತು. ಮೂರು ವಾರ ಅವನು ಮನುಷ್ಯನಾಗಿ ಉಳಿಯಲಿಲ್ಲ. ಗೋಡೆಯಷ್ಟು ದೊಡ್ಡ ಹಾಳೆಯಲ್ಲಿ ಕಂಪ್ಯೂಟರಿನ ಒಳಗಿನ ನಕ್ಷೆ ಬರೆದ. ಮದರ್‌ಬೋರ್ಡು ಸೈಟು, ರ‍್ಯಾಮು ನಡುಮನೆ, ಡಿಸ್ಕು ಉಗ್ರಾಣ, ಫ್ಯಾನುಗಳು ಕಿಟಕಿ. ಹಿಂದೆ ಪರದೆಯ ಕೇಬಲ್ ಚುಚ್ಚುವ ಜಾಗಕ್ಕೆ ಚೆಂದದ ಅಕ್ಷರದಲ್ಲಿ 'ಮುಂಬಾಗಿಲು' ಎಂದು ಬರೆದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಅಂಗಡಿಯಲ್ಲಿದ್ದೆವು. ಎಲ್ಲ ತೆಗೆದುಕೊಂಡಾಯಿತು, ಉಳಿದದ್ದು ಪ್ರೊಸೆಸರು. ಟೇಪು ಎರಡು ಡಬ್ಬಿ ಹಿಡಿದು, ಪರೀಕ್ಷೆಯಲ್ಲಿ ಎರಡು ಉತ್ತರವೂ ಸರಿ ಅನ್ನಿಸಿದವನಂತೆ ಬೆವರುತ್ತಿದ್ದ.

"ಗುರುವೇ, ಎರಡೂ ಒಂದೇ ಅಳತೆ, ಒಂದೇ ವೇಗ. ಇದರ ಹೆಸರಿನ ಕೊನೇಲಿ ಒಂದು ಅಕ್ಷರ ಜಾಸ್ತಿ ಇದೆ, ರೇಟು ಮಾತ್ರ ಕಮ್ಮಿ. ಯಾಕಂತೆ?"

ಅಂಗಡಿಯವರು ಹೇಳಲು ಬಾಯಿ ತೆರೆದರು. ಅವರಿಗೇಕೆ ಸುಮ್ಮನೆ ತೊಂದರೆ ಎಂದು ನಾನೇ ಹೇಳಿದೆ. "ಅಕ್ಷರ ಬಿಟ್ಟಿ ಕೊಟ್ಟು ರೇಟೂ ಕಮ್ಮಿ ಮಾಡಿದ್ದಾರೆ ಅಂದ್ರೆ ಇನ್ನೇನು ಯೋಚನೆ? ತಗೊಳೋ!"

ಅಂಗಡಿಯವರು ಮತ್ತೆ ಬಾಯಿ ತೆರೆದರು. ನಾನು ಕೈ ಎತ್ತಿದೆ. ಮುನ್ನೂರ ಹನ್ನೆರಡು ಕಂಪ್ಯೂಟರ್ ಕಟ್ಟಿದ ಕೈ ಅದು, ಅವರ ಬಾಯಿ ಮುಚ್ಚಿತು.

ಮನೆಗೆ ಬಂದು ಕೆಲಸ ಶುರು ಮಾಡುವಾಗ ಹನ್ನೊಂದೂವರೆ. ಎದುರುಮನೆಯ ರಿಟೈರ್ಡ್ ಲೈನ್‌ಮನ್ ಮಾವ ಕರೆಯದೆಯೇ ಬಂದು, ಜೇಬಿನಿಂದ ಟೆಸ್ಟರ್ ತೆಗೆದು ಕುರ್ಚಿ ಹಿಡಿದರು. ಟೇಪಿನ ಹೆಂಡತಿ, ನನ್ನ ಬಾಯಲ್ಲಿ ಅಕ್ಕ, ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಳು.

"ಮೈಯಲ್ಲಿರೋ ಕರೆಂಟು ತಾಗಿದ್ರೆ ಬೋರ್ಡು ಸತ್ತೇಹೋಗುತ್ತೆ," ಎಂದು ನಾನು ಎಚ್ಚರಿಸಿದೆ. "ಒಂದೊಂದು ಸಾಮಾನು ಮುಟ್ಟೋ ಮೊದಲು ಕಬ್ಬಿಣ ಮುಟ್ಟಬೇಕು."

ಟೇಪಿನ ಮುಖ ಸುಣ್ಣವಾಯಿತು. ಅವತ್ತು ಅವನು ಮೇಜಿನಿಂದ ಕಿಟಕಿ ಸರಳಿಗೆ, ಕಿಟಕಿಯಿಂದ ಮೇಜಿಗೆ ಓಡಾಡಿದ ದೂರವನ್ನು ನೇರ ಹಾಸಿದ್ದರೆ ಸಮುದ್ರ ಸಿಗುತ್ತಿತ್ತು. ಒಂದು ಸ್ಕ್ರೂ ಎತ್ತುವುದು, ಓಡಿಹೋಗಿ ಸರಳು ಹಿಡಿಯುವುದು. ಬೀದಿಯಲ್ಲಿ ಹೋಗುವವರು ನಿಂತು, ಇವನನ್ನು ಯಾರೋ ಕೂಡಿಹಾಕಿದ್ದಾರೆಂದು ಮರುಗಿದರು.

"ನಲವತ್ತು ವರ್ಷ ಕಂಬ ಹತ್ತಿದೀನಪ್ಪಾ, ಮೈಯಲ್ಲಿ ಕರೆಂಟು ಇಟ್ಕೊಂಡೋರನ್ನ ನಾನು ನೋಡಿಲ್ಲ," ಎಂದು ಮಾವ ಟೇಪಿನ ಮೊಣಕೈಗೆ ಟೆಸ್ಟರ್ ಹಿಡಿದು ನೋಡಿದರು. "ನೋಡು, ಲೈಟೇ ಉರೀತಿಲ್ಲ."

ರ‍್ಯಾಮ್ ಕೂರಿಸುವಾಗ ಮೂಳೆ ಮುರಿದಂತೆ 'ಟಕ್' ಎಂದಿತು.

"ಅಯ್ಯೋ, ಹೋಯ್ತು!" ಅಕ್ಕ ಕೂಗಿದಳು.

"ಹೋಗಿಲ್ಲ ಅಕ್ಕ, ಕೂತ್ಕೊಳ್ತು," ಎಂದೆ ನಾನು, ಎರಡು ಹೆಜ್ಜೆ ಹಿಂದೆ ಸರಿದು.

ಎರಡೂವರೆಗೆ ಕೊನೆಯ ಸ್ಕ್ರೂ ಬಿಗಿಯಾಯಿತು. ಟೇಪು ಸರಳನ್ನು ಇನ್ನೊಮ್ಮೆ ಹಿಡಿದು ಬಂದು, ಕಣ್ಣು ಮುಚ್ಚಿ ಗುಂಡಿ ಒತ್ತಿದ. ಫ್ಯಾನು ತಿರುಗಿತು! ಬೋರ್ಡಿನಲ್ಲಿ ದೀಪ ಹತ್ತಿತು! ಅಕ್ಕ ಚಪ್ಪಾಳೆ ತಟ್ಟಿದಳು. ಪರದೆ ಮಾತ್ರ ತೊಳೆದಿಟ್ಟ ಹಲಗೆಯಂತೆ ಕಪ್ಪಗೆ ಕೂತಿತ್ತು.

ಟೇಪು ಕೇಬಲ್ ತೆಗೆದು ಮತ್ತೆ ಹಾಕಿದ. ರ‍್ಯಾಮ್ ಕಿತ್ತು ಮೂರು ಸಲ ಕೂರಿಸಿದ, ಮೂರು ಸಲವೂ ಅಕ್ಕ ಕೂಗಿದಳು. ಮಾವ ಪರದೆಯ ಬೆನ್ನಿಗೆ ಎರಡು ಗುದ್ದಿದರು. ಟೇಪು ನಕ್ಷೆ ಹರಡಿ 'ಮುಂಬಾಗಿಲ'ನ್ನು ಅಳೆದ. ಮತ್ತೆ ಅಳೆದ. "ಬಾಗಿಲು ಸರಿಯಾಗೇ ಇದೆಯಲ್ಲೋ," ಎಂದು ಮೂರನೆಯ ಸಲವೂ ಅಳೆದ.

ಮೂರೂಕಾಲು ದಾಟಿದ ಮೇಲೆ ಅಕ್ಕ ಅಂಗಡಿಯವರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು, ಬಾಗಿಲು ಸರಿಯಿದ್ದೂ ಪರದೆ ಯಾಕೆ ಕಪ್ಪು ಎಂದು ಕೇಳಿದಳು.

"ಬಾಗಿಲೇನೋ ಬೋರ್ಡಲ್ಲಿದೆಯಮ್ಮಾ," ಎಂದರು ಅಂಗಡಿಯವರು. "ಆದ್ರೆ ಚಿತ್ರ ಬರೆಯೋರು ಪ್ರೊಸೆಸರ್ ಒಳಗಿರ್ತಾರೆ. ನೀವು ತಗೊಂಡಿದ್ರಲ್ಲಿ ಅವರನ್ನ ತೆಗೆದಿರ್ತಾರೆ, ಅದಕ್ಕೇ ರೇಟು ಕಮ್ಮಿ. ಬೇರೆ ಡಿಸ್ಪ್ಲೇ ಕಾರ್ಡ್ ಹಾಕಲೇಬೇಕು. ಹೇಳೋಕೆ ಎರಡು ಸಲ ಬಾಯಿ ತೆಗೆದೆ. ನಿಮ್ಮ ಯಜಮಾನ್ರ ಜೊತೆ ಬಂದಿದ್ರಲ್ಲ, ಟ್ರಾಫಿಕ್ ಪೊಲೀಸ್ ಥರ ಕೈ ಅಡ್ಡ ಹಿಡಿದ್ಬಿಟ್ರು. ಈಗ ಅಂಗಡಿ ಮುಚ್ಚಿ ಪ್ರಯಾಣದಲ್ಲಿದೀನಿ, ನಾಳೆ ಬನ್ನಿ."

ಫೋನ್ ಕಟ್ಟಾಯಿತು. ಮೂರು ಜೋಡಿ ಕಣ್ಣು ನನ್ನನ್ನು ಚುಚ್ಚಿದವು. ನಾನು ಕಿಟಕಿ ಸರಳು ಹಿಡಿದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿತು. ಕಂಟ್ರಾಕ್ಟರು ಅರ್ಧ ಗಂಟೆ ಮೊದಲೇ ಬಂದಿದ್ದರು. "ಏನು, ರೆಡಿನಾ?"

ಟೇಪು ಬೇಗ ಬೇಗ ನಕ್ಷೆ ಸುತ್ತತೊಡಗಿದ. ಅಕ್ಕನ ಮುಖ ಮಾತ್ರ ಫಕ್ಕನೆ ಅರಳಿತು. "ಇನ್ನೇನು ಆಯ್ತು ಸಾರ್, ಒಂದು ಕಾರ್ಡು ಹಾಕಿದ್ರೆ ಮುಗೀತು," ಎಂದು ನನ್ನತ್ತ ತಿರುಗಿದಳು. "ಅಣ್ಣಾ, ನಿಮ್ಮ ಮೇಜಿನ ಮೇಲಿರೋ ಕಂಪ್ಯೂಟರ್ ದಿನಾ ಸಂಜೆ ಕೆಂಪು, ನೀಲಿ, ಹಸಿರು ಅಂತ ಹೊಳೀತಿರುತ್ತಲ್ಲ? ಅದರಿಂದ ಕಾರ್ಡ್ ಬಿಚ್ಚಿ ಕೊಡಿ. ಸಾರ್ ಹೋದ್ಮೇಲೆ ವಾಪಸ್."

"ಅದಾ? ಅದು ಬಹಳ ದೊಡ್ಡ ಕಾರ್ಡು ಅಕ್ಕ. ಎತ್ತೋಕೆ ಇಬ್ಬರು ಬೇಕು."

"ಮೂರು ಜನ ಇದೀವಿ," ಎಂದರು ಮಾವ.

"ಬೀಗದ ಕೈ ಕಳೆದುಹೋಗಿದೆ."

"ನಿಮ್ಮ ಬಾಗಿಲು ತೆರೆದೇ ಇದೆಯಲ್ರೀ, ಬರುವಾಗ ನೋಡಿದೆ," ಎಂದರು ಕಂಟ್ರಾಕ್ಟರು.

"ಅದು ಈಗ ಒಂದು ಗಹನವಾದ ಲೆಕ್ಕ ಮಾಡ್ತಾ ಇದೆ, ಮಧ್ಯೆ ಆರಿಸಿದ್ರೆ..."

"ಗುರುವೇ," ಎಂದ ಟೇಪು. ಅಷ್ಟೇ ಅಂದದ್ದು. ಆ ಒಂದು ಮಾತಿಗೆ ನನ್ನ ಕಾಲುಗಳು ತಾವಾಗಿಯೇ ಮೆಟ್ಟಿಲು ಹತ್ತಿದವು. ಹಿಂದೆ ನಾಲ್ಕು ಜನ.

ಮಾವ ನನ್ನ ಕಂಪ್ಯೂಟರಿನ ಪಕ್ಕದ ಮುಚ್ಚಳ ಎಳೆದರು. ಒಳಗೆ ಬಣ್ಣದ ದೀಪದ ಒಂದು ಸರ, ಒಂದು ಫ್ಯಾನು. ಬೇರೇನೂ ಇರಲಿಲ್ಲ. ಖಾಲಿ ಸೈಟಿನ ಹಾಗೆ ಹರವಾಗಿತ್ತು.

"ಕಾರ್ಡೆಲ್ಲಿ?" ಎಂದಳು ಅಕ್ಕ. "ಬೋರ್ಡೆಲ್ಲಿ? ಏನೂ ಇಲ್ವಲ್ಲ!"

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. "ಡಬ್ಬಿ ತಗೊಂಡು ನಾಲ್ಕು ವರ್ಷ ಆಯ್ತಕ್ಕ," ಎಂದೆ. "ಒಳಗಿನ ಸಾಮಾನು ಇನ್ನೂ ಆರಿಸ್ತಾನೇ ಇದೀನಿ. ಇದು ತಗೊಂಡ್ರೆ ಅದು ಹೊಂದಲ್ವೇನೋ ಅಂತ ಹೆದರಿಕೆ. ಅಂಗಡಿ ಮೆಟ್ಟಿಲ ತನಕ ಹೋಗ್ತೀನಿ, ಎದೆ ಡವಡವ ಅನ್ನುತ್ತೆ, ವಾಪಸ್ ಬರ್ತೀನಿ. ಇವನ ಜೊತೆ ಹೋದಾಗ, ಕೊಳ್ಳೋನು ನಾನಲ್ವಲ್ಲ, ಧೈರ್ಯ ಬಂದ್ಬಿಡ್ತು."

ಕಂಟ್ರಾಕ್ಟರು ಮೊಬೈಲ್ ತೆಗೆದು, ಕಾಯುತ್ತಿದ್ದ ಆ ಇನ್ನೊಬ್ಬರಿಗೆ ಫೋನ್ ಮಾಡುತ್ತ ಮೆಟ್ಟಿಲಿಳಿದರು. ಟೇಪು ನನ್ನ ಖಾಲಿ ಡಬ್ಬಿಯೊಳಗೆ ಕಣ್ಣು ನೆಟ್ಟು ಮೆಲ್ಲಗೆ ಕೇಳಿದ.

"ನಿಜ ಹೇಳು. ಒಟ್ಟು ಎಷ್ಟು ಕಂಪ್ಯೂಟರ್ ಕಟ್ಟಿದೀಯ?"

"ಒಂದೂ ಇಲ್ಲ ಕಣೋ. ಸೊನ್ನೆ."

"ಕೆಳಗಿರೋದನ್ನೂ ಸೇರಿಸಿ?" ಎಂದಳು ಅಕ್ಕ.

"ಸೇರಿಸಿದ್ರೂ ಅಷ್ಟೇ ಅಕ್ಕ."