ಮದ್ಯದಂಗಡಿ ಸಭೆಗಳಲ್ಲಿ ಮೆಟ್ಟಿಲಿನ ಮಾತೆತ್ತದಿರುವ ಬಗ್ಗೆ

ಇಲಾಖೆಯ ಕಾರ್ಯಾಲಯ
(ಇಲಾಖೆಯ ಹೆಸರು ಪರಿಷ್ಕರಣೆಯಲ್ಲಿರುವುದರಿಂದ ಸದ್ಯಕ್ಕೆ ನಮೂದಿಸಿರುವುದಿಲ್ಲ)

ಸಂಖ್ಯೆ: ಪರ/ಬಸ/ಮದ್ಯ/ಮೆಟ್ಟಿಲು/17/ಭಾಗ-4
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಮದ್ಯದಂಗಡಿ ಪರವಾನಗಿಗೆ ಸಂಬಂಧಿಸಿದ ಬಡಾವಣೆ ಸಭೆಗಳಲ್ಲಿ ನಿವಾಸಿಗಳು ನಡೆದುಕೊಳ್ಳಬೇಕಾದ ರೀತಿ, ಹಾಗೂ ಸಭೆಗೆ ಸಂಬಂಧಪಡದ ಮೆಟ್ಟಿಲು ಮುಂತಾದ ವಿಷಯಗಳನ್ನು ಎತ್ತದಿರುವ ಬಗ್ಗೆ.

ಉಲ್ಲೇಖ:
1) ಮೂರನೇ ಅಡ್ಡರಸ್ತೆಯ ಮೂಲೆ ಕಟ್ಟಡದ ನೆಲಮಹಡಿಯಲ್ಲಿ ಮದ್ಯದಂಗಡಿ ತೆರೆಯಲು ಹಾರ್ಡ್‌ವೇರ್ ಅಂಗಡಿಯವರ ಅಳಿಯಂದಿರು ಸಲ್ಲಿಸಿದ ಅರ್ಜಿ.
2) ಸದರಿ ಅರ್ಜಿಯ ಮೇಲೆ ನಡೆದ ನಾಲ್ಕು ಸಭೆಗಳ ನಡವಳಿ (ಎರಡನೆಯದರ ಮೇಲೆ ಚಹಾ ಚೆಲ್ಲಿರುತ್ತದೆ).
3) ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಹೊಲಿಗೆ ತರಗತಿ ನಡೆಸುವ, ಬಡಾವಣೆಯಲ್ಲಿ ಟೈಲರಕ್ಕ ಎಂದೇ ಕರೆಯಲ್ಪಡುವ ಮಹಿಳೆಯ ಮನವಿಗಳು. ಒಟ್ಟು ಹನ್ನೊಂದು. ಎಲ್ಲವೂ ಒಂದೇ ವಿಷಯದ ಮೇಲೆ.

* * *

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕಡತವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲು ಎಂದು ತಿಳಿದುಬಂದಿರುತ್ತದೆ. ಆ ಮೆಟ್ಟಿಲು ಬೀದಿಯಿಂದ ಹೊರಡುವುದಿಲ್ಲ. ನೆಲಮಹಡಿಯ ಅಂಗಡಿಯ ಒಳಗಿನಿಂದ ಹೊರಡುತ್ತದೆ. ಇಲ್ಲಿಯವರೆಗೆ ಹತ್ತೊಂಬತ್ತು ಹುಡುಗಿಯರು ಮೊಳೆ, ತಿರುಪು, ಬಣ್ಣದ ಡಬ್ಬಿಗಳ ಪಕ್ಕದಲ್ಲೇ ಹಾದು, ಮೇಲೆ ಹೋಗಿ, ಹೊಲಿಗೆ ಕಲಿತು, ಕೆಳಗಿಳಿದು ಮನೆ ಸೇರಿರುತ್ತಾರೆ. ಮೊಳೆಗಳ ನಡತೆಯ ಬಗ್ಗೆ ಯಾರೂ ದೂರು ನೀಡಿರುವುದಿಲ್ಲ.

ಇನ್ನು ಮುಂದೆ ಅದೇ ಜಾಗದಲ್ಲಿ ಗಲ್ಲಾಪೆಟ್ಟಿಗೆ, ಬಾಟಲಿಗಳ ಕಪಾಟು ಮತ್ತು ನಿಂತು ಕುಡಿಯುವ ಕಟ್ಟೆ ಬರಲಿವೆ. ಆದ್ದರಿಂದ ಕಟ್ಟಡದ ಹಿಂಬದಿ ಗೋಡೆಗೆ, ಹೊರಗಡೆಯಿಂದ, ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಿಕೊಟ್ಟರೆ ಸಾಕು ಎಂಬುದು ಟೈಲರಕ್ಕನವರ ಕೋರಿಕೆ. ಇಷ್ಟು ಸಣ್ಣ ವಿಷಯಕ್ಕೆ ಇಲಾಖೆಯ ನಾಲ್ಕು ಸಂಜೆಗಳು ಹಾಳಾಗಿರುತ್ತವೆ. ಇದು ಪುನರಾವರ್ತನೆಯಾಗದಂತೆ ಈ ಕೆಳಕಂಡ ನಿಯಮಗಳನ್ನು ಎಲ್ಲರೂ ಚಾಚೂತಪ್ಪದೆ ಪಾಲಿಸತಕ್ಕದ್ದೆಂದು ತಿಳಿಯಪಡಿಸಲಾಗಿದೆ.

1. ಆಸನ ವ್ಯವಸ್ಥೆ: ಅಂಗಡಿಯ ಪರವಾಗಿರುವವರು ಎಡಗಡೆಯೂ ವಿರೋಧವಾಗಿರುವವರು ಬಲಗಡೆಯೂ ಕೂರತಕ್ಕದ್ದು. ಮೊದಲ ಸಭೆಯಲ್ಲಿ ಫ್ಯಾನು ಬಲಗಡೆ ಮಾತ್ರ ತಿರುಗುತ್ತಿದ್ದ ಕಾರಣ ಮೂವತ್ತೊಂದು ಮಂದಿ ಏಕಾಏಕಿ ಮದ್ಯವಿರೋಧಿಗಳಾದರು. ಕರೆಂಟು ಹೋದ ಕೂಡಲೇ, ಕಿಟಕಿ ಎಡಗಡೆ ಇದ್ದುದರಿಂದ, ಅವರೆಲ್ಲರೂ ಮದ್ಯದ ಪರವಾಗಿ ಎದ್ದು ಹೋದರು. ಇನ್ನು ಮುಂದೆ ಜನಾಭಿಪ್ರಾಯವನ್ನು ದಾಖಲಿಸುವಾಗ ಫ್ಯಾನಿನ ದಿಕ್ಕನ್ನೂ ನಮೂದಿಸತಕ್ಕದ್ದು.

2. ಭಾಷಣದ ಅವಧಿ ಮೂರು ನಿಮಿಷ. ‘ನಮ್ಮ ಕಾಲದಲ್ಲಿ’ ಎಂಬ ಮಾತನ್ನು ಒಬ್ಬರು ಒಮ್ಮೆ ಮಾತ್ರ ಬಳಸಬಹುದು. ನಿವೃತ್ತ ಹೆಡ್‌ಮಾಸ್ತರರು, ಅಂದರೆ ಬಡಾವಣೆಯವರೆಲ್ಲರ ಮೇಷ್ಟ್ರು, ಮೊದಲ ಸಭೆಯಲ್ಲಿ ಚಹಾ ಬರುವ ಮುಂಚೆ ಶುರುಮಾಡಿದ ಭಾಷಣ ಲೋಟಗಳನ್ನು ತೊಳೆದಿಟ್ಟ ಮೇಲೂ ಮುಗಿದಿರಲಿಲ್ಲ. ಕುಡಿದವನು ಹೇಗೆ ನಡೆಯುತ್ತಾನೆ ಎಂದು ಅವರು ಸಭಾಂಗಣದ ಈ ತುದಿಯಿಂದ ಆ ತುದಿಯವರೆಗೆ ನಡೆದು ತೋರಿಸಿದರು. ಪ್ರದರ್ಶನ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಸಭೆಯಲ್ಲಿ ಗುಸುಗುಸು ಶುರುವಾಯಿತು. ಇನ್ನು ಮುಂದೆ ಇಂಥ ಪ್ರಾತ್ಯಕ್ಷಿಕೆಯನ್ನು ಐದು ಹೆಜ್ಜೆಗಳಿಗೆ ಸೀಮಿತಗೊಳಿಸಲಾಗಿದೆ.

3. ಮೇಷ್ಟ್ರು ಸಲ್ಲಿಸಿದ ಆಕ್ಷೇಪಣೆಯ ಜೊತೆಗೆ, ಸಹಿಯಿಲ್ಲದ ಇನ್ನೊಂದು ಪತ್ರವೂ ಪೆಟ್ಟಿಗೆಯಲ್ಲಿ ಸಿಕ್ಕಿರುತ್ತದೆ. ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ, ಹಿಂಬಾಗಿಲು ಇರುತ್ತದೆಯೇ ಎಂದು ಅದರಲ್ಲಿ ವಿಚಾರಿಸಲಾಗಿದೆ. ಎರಡೂ ಪತ್ರಗಳ ಅಕ್ಷರ ಒಂದೇ ತೆರನಾಗಿ ಮುದ್ದಾಗಿರುವುದನ್ನು ಇಲಾಖೆ ಮೆಚ್ಚುಗೆಯಿಂದ ಗಮನಿಸಿದೆ. ಆಕ್ಷೇಪಣೆದಾರರು ಗಿರಾಕಿಗಳೂ ಆಗಿರಲು ಯಾವುದೇ ಅಡ್ಡಿಯಿಲ್ಲ. ಆದರೆ ಎರಡಕ್ಕೂ ಬೇರೆ ಬೇರೆ ನಮೂನೆಗಳನ್ನು ಭರ್ತಿ ಮಾಡತಕ್ಕದ್ದು.

4. ಪಕ್ಕದ ಬೀದಿಗೆ ತಳ್ಳುವುದನ್ನು ನಿಷೇಧಿಸಲಾಗಿದೆ. ಅಂಗಡಿ ನಮ್ಮಲ್ಲಿ ಬೇಡ, ನಾಲ್ಕನೇ ಅಡ್ಡರಸ್ತೆಯಲ್ಲಿ ಬರಲಿ ಎಂದು ಮೂರನೇ ಅಡ್ಡರಸ್ತೆಯವರು ಒಮ್ಮತದಿಂದ ನಿರ್ಣಯಿಸಿದರು. ನಾಲ್ಕನೆಯವರು ಐದಕ್ಕೆ ತಳ್ಳಿದರು, ಐದನೆಯವರು ಆರಕ್ಕೆ, ಆರನೆಯವರು ಏಳಕ್ಕೆ. ಏಳನೆಯವರಿಗೆ ಮುಂದೆ ಬೀದಿಯೇ ಇಲ್ಲದ್ದರಿಂದ ಒಂದಕ್ಕೆ ತಳ್ಳಿದರು. ಒಂದು ಎರಡಕ್ಕೆ ತಳ್ಳಿ ಕೈ ತೊಳೆದುಕೊಂಡಿತು, ಎರಡು ಮೂರಕ್ಕೆ ತಳ್ಳಿತು. ಕಡತ ಬಡಾವಣೆಯನ್ನು ಒಂದು ಸುತ್ತು ಹಾಕಿ, ಹೊರಟ ಕಟ್ಟಡದ ಬಾಗಿಲಿಗೇ ಬಂದು ನಿಂತಿರುತ್ತದೆ. ಏಳೂ ಬೀದಿಯವರು ಇದನ್ನು ತಮ್ಮ ತಮ್ಮ ಗೆಲುವೆಂದು ಆಚರಿಸಿದ್ದಾರೆ.

5. ಅಂತರದ ಬಗ್ಗೆ: ಶಾಲೆಯಿಂದ ನೂರು ಮೀಟರ್ ದೂರದೊಳಗೆ ಮದ್ಯದಂಗಡಿ ತೆರೆಯುವಂತಿಲ್ಲ ಎಂಬ ನಿಯಮ ಜಾರಿಯಲ್ಲಿರುವುದು ನಿಜ. ತಮ್ಮ ಹೊಲಿಗೆ ತರಗತಿಯೂ ಶಾಲೆಯೇ ಎಂದು ಟೈಲರಕ್ಕನವರು ಮೊದಲ ಸಭೆಯಲ್ಲಿ ವಾದಿಸಿದರು. ಗಂಟೆ ಹೊಡೆಯದ ಜಾಗ ಶಾಲೆಯಾಗುವುದಿಲ್ಲವೆಂದು ಅವರಿಗೆ ತಿಳಿಹೇಳಲಾಯಿತು. ಎರಡನೇ ಸಭೆಗೆ ಅವರು ಒಂದು ಹಿತ್ತಾಳೆ ಗಂಟೆಯನ್ನು ಹೊತ್ತು ತಂದು ಬಾರಿಸಿಯೇ ಬಿಟ್ಟರು. ಹಿಂದಿನ ಎರಡು ಸಾಲಿನವರು ಸಭೆ ಮುಗಿಯಿತೆಂದುಕೊಂಡು ಎದ್ದೆವೋ ಬಿದ್ದೆವೋ ಎಂದು ಮನೆಗೆ ಹೋದರು.

ಮುಂದುವರಿದು, ಗಂಟೆಯ ವಿಷಯ ಹಾಗಿರಲಿ, ನಿಯಮದಲ್ಲಿರುವುದು ‘ದೂರ’. ಸದರಿ ತರಗತಿ ಅಂಗಡಿಯಿಂದ ದೂರದಲ್ಲಿಲ್ಲ, ಎತ್ತರದಲ್ಲಿದೆ. ಹನ್ನೊಂದು ಅಡಿ ಎತ್ತರ. ಎತ್ತರಕ್ಕೆ ಸಂಬಂಧಿಸಿದ ಅಹವಾಲುಗಳನ್ನು ಎತ್ತರ ವಿಭಾಗಕ್ಕೆ ಸಲ್ಲಿಸತಕ್ಕದ್ದು. ಅಂಥ ವಿಭಾಗ ಇಲ್ಲದಿರುವುದು ಈ ಇಲಾಖೆಯ ತಪ್ಪಲ್ಲ.

6. ಅಳತೆ: ಮೂರನೇ ಸಭೆಗೆ ಟೈಲರಕ್ಕನವರು ಕೊರಳಲ್ಲಿದ್ದ ಟೇಪಿನಿಂದ ಮೆಟ್ಟಿಲಿನ ಅಗಲ ಅಳೆದುಕೊಂಡು ಬಂದಿದ್ದರು. ಮೂವತ್ತು ಇಂಚು. ಅದು ರವಿಕೆ ಅಳೆಯುವ ಟೇಪಾದ್ದರಿಂದ ಕಟ್ಟಡಕ್ಕೆ ಅನ್ವಯಿಸುವುದಿಲ್ಲ. ಇಲಾಖೆಯ ಅಧಿಕೃತ ಟೇಪು ಸಿಕ್ಕಿದ ಕೂಡಲೇ ಅಳತೆ ಮಾಡಿಸಲಾಗುವುದು; ಅಲ್ಲಿಯವರೆಗೆ ಸದರಿ ಮೆಟ್ಟಿಲಿಗೆ ಅಗಲವೇ ಇರುವುದಿಲ್ಲ. ಈ ಸಂದರ್ಭದಲ್ಲಿ ಅವರು ಆಡಿದ ಮಾತು ನಡವಳಿಯಲ್ಲಿ ಹೀಗಿದೆ: “ಸಾರ್, ಮೆಟ್ಟಿಲ ಬುಡದಲ್ಲಿ ಕುಡಿದೋರು ಎದುರಾದ್ರೆ, ಯಾರಾದ್ರೂ ಒಬ್ಬರು ಗೋಡೆಗೆ ಅಂಟ್ಕೊಂಡು ನಿಲ್ಲಲೇಬೇಕು. ಆ ಒಬ್ಬರು ಯಾವಾಗ್ಲೂ ನನ್ನ ಹುಡುಗೀರೇ ಆಗಿರ್ತಾರೆ.”

7. ಸದರಿ ಅಳಲನ್ನು ಸಹಾನುಭೂತಿಯಿಂದ ಪರಿಗಣಿಸಿ, ಇಲಾಖೆಯು ಈ ಕೆಳಕಂಡ ಅನುಕೂಲಗಳನ್ನು ಮಂಜೂರು ಮಾಡಿರುತ್ತದೆ.

(ಅ) ವಿದ್ಯಾರ್ಥಿನಿಯರು ಸಮಸಂಖ್ಯೆಯ ನಿಮಿಷಗಳಲ್ಲೂ ಗಿರಾಕಿಗಳು ಬೆಸಸಂಖ್ಯೆಯ ನಿಮಿಷಗಳಲ್ಲೂ ಮೆಟ್ಟಿಲ ಬುಡದಲ್ಲಿ ಓಡಾಡತಕ್ಕದ್ದು. ನಿಮಿಷ ನೋಡಲಾಗದಷ್ಟು ಕುಡಿದಿರುವ ಗಿರಾಕಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ.

(ಆ) ಹುಡುಗಿಯರು ಹಾದುಹೋಗುವಾಗ ಗಿರಾಕಿಗಳು ಚಾವಣಿ ನೋಡತಕ್ಕದ್ದು. ನೋಡಲು ಅನುಕೂಲವಾಗುವಂತೆ ಚಾವಣಿಯ ಮೇಲೆ ಏನಾದರೂ ಬರೆಸುವಂತೆ ಅರ್ಜಿದಾರರಿಗೆ ಸೂಚಿಸಲಾಗಿದೆ.

(ಇ) ಕಟ್ಟೆಗೂ ಮೆಟ್ಟಿಲಿಗೂ ನಡುವೆ ಒಂದು ಪರದೆ ಕಟ್ಟಲು ಅರ್ಜಿದಾರ ಅಳಿಯಂದಿರು ದೊಡ್ಡ ಮನಸ್ಸು ಮಾಡಿ ಒಪ್ಪಿರುತ್ತಾರೆ. ಪರದೆಯನ್ನು ಹೊಲಿದುಕೊಡುವುದು ಟೈಲರಕ್ಕನವರ ಜವಾಬ್ದಾರಿ. ಬಟ್ಟೆಯೂ ಅವರದೇ.

8. ನಮೂನೆಯ ಬಗ್ಗೆ: ಅಭಿಪ್ರಾಯ ದಾಖಲಿಸುವ ನಮೂನೆಯಲ್ಲಿ ‘ಪರ’ ಮತ್ತು ‘ವಿರೋಧ’ ಎಂಬ ಎರಡು ಕಲಂಗಳು, ಕೊನೆಯಲ್ಲಿ ಇತರೆ ಟಿಪ್ಪಣಿಗಳ ‘ಷರಾ’ ಕಲಂ ಮಾತ್ರ ಇರುತ್ತವೆ. ನೀವು ಯಾವ ಕಡೆ ಎಂದು ಕೇಳಿದಾಗಲೆಲ್ಲ ಟೈಲರಕ್ಕನವರು, ಕುಡಿಯುವವರು ಕುಡಿದುಕೊಳ್ಳಲಿ, ತಮಗೆ ಬೇಕಾಗಿರುವುದು ಮೆಟ್ಟಿಲು ಮಾತ್ರ ಎಂದು ಪಟ್ಟು ಹಿಡಿದಿರುತ್ತಾರೆ. ಎಡಗಡೆಯವರು ಅವರನ್ನು ಬಲಗಡೆಯವರೆಂದೂ ಬಲಗಡೆಯವರು ಎಡಗಡೆಯವರೆಂದೂ ತಿಳಿದು ಇಬ್ಬರೂ ಉಗಿದಿರುತ್ತಾರೆ. ಮೆಟ್ಟಿಲು ಒಂದು ಅಭಿಪ್ರಾಯವಲ್ಲ. ಆದಕಾರಣ ಅವರ ಹನ್ನೊಂದು ಮನವಿಗಳನ್ನೂ ‘ಷರಾ’ ಕಲಮಿಗೆ ವರ್ಗಾಯಿಸಲಾಗಿದೆ. ಷರಾ ಕಲಮನ್ನು ಓದುವ ಪದ್ಧತಿ ಈ ಕಚೇರಿಯಲ್ಲಿ ಇರುವುದಿಲ್ಲ.

9. ಸಭೆಯಲ್ಲಿ ನಿವಾಸಿಗಳು ಇತರ ನಿವಾಸಿಗಳನ್ನು ನೇರವಾಗಿ ಪ್ರಶ್ನಿಸುವುದನ್ನು ತಕ್ಷಣದಿಂದ ಜಾರಿಗೆ ಬರುವಂತೆ ನಿಷೇಧಿಸಲಾಗಿದೆ. ಈ ನಿಷೇಧಕ್ಕೆ ಕಾರಣವಾದ ನಾಲ್ಕನೇ ಸಭೆಯ ಸಂಗತಿಯನ್ನು, ತಪ್ಪು ಗ್ರಹಿಕೆಗೆ ಎಡೆಯಾಗದಿರಲೆಂದು, ಇಲ್ಲಿ ವಿವರಿಸಲಾಗಿದೆ.

ಅಂದು ಸಭಾಂಗಣ ಕಿಕ್ಕಿರಿದಿತ್ತು. ಸಭೆ ನಡೆಸುತ್ತಿದ್ದ ಪರಿವೀಕ್ಷಕರು ಕೊನೆಯದಾಗಿ ಪರ, ವಿರೋಧ ಎಣಿಸಿಕೊಳ್ಳಲು ಪೆನ್ನು ತೆಗೆದ ಹೊತ್ತಿಗೆ ಟೈಲರಕ್ಕನವರು, ಯಾರೂ ಕರೆಯದಿದ್ದರೂ, ಎದ್ದು ನಿಂತು ಈ ರೀತಿ ಹೇಳಿರುತ್ತಾರೆ: “ಪರ ವಿರೋಧ ಆಮೇಲೆ ಬರ್ಕೊಳ್ಳಿ ಸಾರ್. ಇಲ್ಲಿ ಕೂತಿರೋರಲ್ಲಿ ಹದಿನಾಲ್ಕು ಜನರ ಮನೆ ಹೆಣ್ಮಕ್ಕಳು ನನ್ನ ಹತ್ರ ಕಲೀತಿದಾರೆ. ನಾನು ಕೇಳೋದು ಒಂದೇ. ಕೆಳಗಡೆ ಅಂಗಡಿ ಬಂದ ಮಾರನೇ ದಿನ, ಅದೇ ಮೆಟ್ಟಿಲು ಹತ್ತಿಸಿ ನಿಮ್ಮ ಮಗಳನ್ನ, ನಿಮ್ಮ ತಂಗೀನ ಯಾರ್ಯಾರು ಕಳಿಸ್ತೀರಿ? ಕಳಿಸೋರು ಕೈ ಎತ್ತಿ.”

ಎಡಗಡೆ ಯಾರೂ ಕೈ ಎತ್ತಲಿಲ್ಲ. ಬಲಗಡೆಯೂ ಯಾರೂ ಎತ್ತಲಿಲ್ಲ. ಮೊಮ್ಮಗಳನ್ನು ದಿನಾ ಕೈಹಿಡಿದು ತಂದು ಬಿಡುವ ಮೇಷ್ಟ್ರು, ಮಾತಾಡಲು ಅವಕಾಶವಿದ್ದರೂ, ಕನ್ನಡಕ ಬಿಚ್ಚಿ ಒರೆಸತೊಡಗಿದರು. ಅರ್ಜಿದಾರ ಅಳಿಯಂದಿರ ನಾದಿನಿಯೂ ಅದೇ ತರಗತಿಯಲ್ಲಿ ರವಿಕೆಗೆ ತೋಳು ಕೂರಿಸುವುದನ್ನು ಕಲಿಯುತ್ತಿದ್ದಾಳೆ. ಅಳಿಯಂದಿರು ಕೆಳಗೆ ಬಿದ್ದ ಏನನ್ನೋ ಹುಡುಕುವವರಂತೆ ನೆಲ ನೋಡುತ್ತಾ ಕೂತರು. ಟೈಲರಕ್ಕನವರು ಒಂದೊಂದೇ ಮುಖವನ್ನು ನೋಡಿಕೊಂಡು ಬಂದರು. ನೋಡಿ ಮುಗಿಸಿ, “ಆಯ್ತು ಬಿಡಿ,” ಎಂದು ಕೂತರು. ಅವರ ಕಣ್ಣಲ್ಲಿ ನೀರಿತ್ತೆಂದು ಕೆಲವರು ಹೇಳುತ್ತಾರಾದರೂ ಲಿಖಿತ ದೂರು ಬಂದಿರುವುದಿಲ್ಲ.

ಈ ಸಂದರ್ಭದಲ್ಲಿ ಪರಿವೀಕ್ಷಕರು ನಡವಳಿ ಪುಸ್ತಕದ ಅಂಚಿನಲ್ಲಿ, “ನನ್ನ ಮಗಳಾಗಿದ್ದರೆ ನಾನೂ ಕಳಿಸುತ್ತಿರಲಿಲ್ಲ,” ಎಂದು ಬರೆದು, ಆಮೇಲೆ ಹೊಡೆದುಹಾಕಿರುತ್ತಾರೆ. ಹೊಡೆದುಹಾಕಿದ್ದರೂ ಓದಲು ಬರುತ್ತದೆ. ಸರ್ಕಾರಿ ಪುಸ್ತಕದಲ್ಲಿ ಸ್ವಂತ ಮಗಳ ಬಗ್ಗೆ ಬರೆದದ್ದು ಯಾಕೆ, ಹೊಡೆದುಹಾಕುವಾಗ ಸ್ಕೇಲು ಬಳಸದಿದ್ದದ್ದು ಯಾಕೆ ಎಂದು ಏಳು ದಿನದೊಳಗೆ ವಿವರಣೆ ನೀಡುವಂತೆ ಅವರಿಗೆ ನೋಟಿಸು ಜಾರಿ ಮಾಡಲಾಗಿದೆ.

10. ಸಭೆಯಲ್ಲಿ ಕೇಳಿದ ಯಾವುದೇ ಪ್ರಶ್ನೆಗೆ ಹಾಜರಿದ್ದವರಲ್ಲಿ ಒಬ್ಬರೂ ಕೈ ಎತ್ತದಿದ್ದಲ್ಲಿ, ಪ್ರಶ್ನೆ ಏನೇ ಇದ್ದರೂ, ಅದನ್ನು ‘ಆಕ್ಷೇಪಣೆ ಇಲ್ಲ’ ಎಂದು ದಾಖಲಿಸುವುದು ಈ ಇಲಾಖೆಯಲ್ಲಿ ಮೊದಲಿನಿಂದಲೂ ನಡೆದುಬಂದ ಕ್ರಮ. ನಾಲ್ಕನೇ ಸಭೆಯಲ್ಲಿ ನೂರ ಆರು ಮಂದಿ ಹಾಜರಿದ್ದು, ಒಬ್ಬರೂ ಕೈ ಎತ್ತಿರುವುದಿಲ್ಲ. ಬಡಾವಣೆಯ ಎರಡೂ ಬಣಗಳ ನಡುವೆ ಇಂಥ ಒಗ್ಗಟ್ಟು ಹಿಂದೆಂದೂ ಕಂಡುಬಂದಿರಲಿಲ್ಲವೆಂದು ಇಲಾಖೆ ಹರ್ಷ ವ್ಯಕ್ತಪಡಿಸುತ್ತಾ, ಅರ್ಜಿದಾರರಿಗೆ ಪರವಾನಗಿಯನ್ನು ಮಂಜೂರು ಮಾಡಿ ಆದೇಶಿಸಿದೆ.

11. ಹಿಂಬದಿಯ ಮೆಟ್ಟಿಲಿನ ವಿಷಯವನ್ನು ಪ್ರತ್ಯೇಕ ಕಡತದಲ್ಲಿ ಪರಿಶೀಲಿಸಲಾಗುವುದು. ಕಡತಕ್ಕೆ ಹೊದಿಕೆ ಬಂದಿರುವುದಿಲ್ಲ.

ಈ ಸುತ್ತೋಲೆಯಿಂದ ಯಾರಿಗಾದರೂ ನೋವಾಗಿದ್ದಲ್ಲಿ, ನೋವಿನ ಮೂಲಪ್ರತಿಯೊಂದಿಗೆ ಎರಡು ದೃಢೀಕೃತ ನಕಲುಗಳನ್ನು ಲಗತ್ತಿಸಿ, ಕಚೇರಿ ವೇಳೆಯಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು.

ಸಹಿ/-
ಮುಖ್ಯಸ್ಥರ ಪರವಾಗಿ ಪ್ರಭಾರ ಅಧಿಕಾರಿ,
ಪ್ರಭಾರ ಅಧಿಕಾರಿಗಳು ರಜೆಯಲ್ಲಿರುವುದರಿಂದ ಅವರ ಪರವಾಗಿ
ಮುದ್ರೆ

ಪ್ರತಿಗಳು:

1. ಏಳೂ ಅಡ್ಡರಸ್ತೆಗಳ ನಿವಾಸಿಗಳ ಸಂಘಗಳಿಗೆ, ಓದಿ ಮರೆಯುವ ಸಲುವಾಗಿ.

2. ಅರ್ಜಿದಾರ ಅಳಿಯಂದಿರಿಗೆ, ಮೂಲ ಪರವಾನಗಿಯೊಂದಿಗೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕತಕ್ಕದ್ದು.

3. ಮೇಷ್ಟ್ರಿಗೆ, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬಾರದೆಂಬ ಕೋರಿಕೆಯೊಂದಿಗೆ.

4. ಪರಿವೀಕ್ಷಕರಿಗೆ, ನೋಟಿಸಿನೊಂದಿಗೆ.

5. ಟೈಲರಕ್ಕನವರಿಗೆ, ಮೊದಲ ಮಹಡಿ. ಪರದೆ ಯಾವಾಗ ಸಿದ್ಧವಾಗುತ್ತದೆಂದು ಮರುಟಪಾಲಿನಲ್ಲಿ ತಿಳಿಸತಕ್ಕದ್ದು.

6. ಹತ್ತೊಂಬತ್ತು ವಿದ್ಯಾರ್ಥಿನಿಯರಿಗೆ, ಅವರವರ ಮನೆಯ ವಿಳಾಸಕ್ಕೆ. ಇನ್ನು ಮುಂದೆ ಅವರು ಹಗಲೆಲ್ಲ ಮನೆಯಲ್ಲೇ ಸಿಗುತ್ತಾರೆಂದು ತಿಳಿದುಬಂದಿರುತ್ತದೆ.