ಜೀವಕೋಶದೊಳಗೆ ದಾರಿ ತಪ್ಪಿದವರು

ಹಸುವಿನ ಪಾಠವಾದರೆ ಹಸು ತೋರಿಸಬಹುದು, ಹೂವಿನ ಪಾಠವಾದರೆ ದಾಸವಾಳ ಕಿತ್ತು ತರಬಹುದು. ಜೀವಕೋಶ ಮಾತ್ರ ಎಲ್ಲರ ಮೈಯಲ್ಲೂ ಇದ್ದು ಯಾರ ಕಣ್ಣಿಗೂ ಬೀಳದ ವಸ್ತು. ಒಂಬತ್ತನೇ ಕ್ಲಾಸಿಗೆ ಅದನ್ನು ಹೇಳಿಕೊಡುತ್ತ ನಾನು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಸುತ್ತಿ ಈಗ ಶ್ರೀರಂಗಪಟ್ಟಣದ ಕಡೆ ಬಂದಿದ್ದೇನೆ. ಹೋದಲ್ಲೆಲ್ಲ ಆ ಪಾಠ ಶುರುವಾದ ವಾರ ಯಾರದಾದರೂ ತಲೆ ಕೆಟ್ಟೇ ಕೆಡುತ್ತದೆ. ಎಷ್ಟೋ ಸಲ ಅದು ನನ್ನದೇ.

ಬೀರುವಿನಲ್ಲಿದ್ದ ಕೋಶ

ಪಾಂಡವಪುರದ ಕಡೆ ನನ್ನ ಮೊದಲ ಶಾಲೆ. ಜವಾನರಿಗೆ ನಿವೃತ್ತಿ ಹತ್ತಿರವಾಗಿತ್ತು. "ಲೈಬ್ರರಿ ಬೀರುವಿನಲ್ಲಿ ಜೀವಕೋಶ ಇದೆಯಂತೆ, ತಂದುಕೊಡಿ" ಅಂದೆ. ನನಗೆ ಬೇಕಾಗಿದ್ದದ್ದು ಗೋಡೆಗೆ ನೇತುಹಾಕುವ ಚಿತ್ರಪಟ. ಅದನ್ನು ಬಿಡಿಸಿ ಹೇಳಲಿಲ್ಲ.

ಅರ್ಧ ಗಂಟೆಯ ಮೇಲೆ ಮೈಯೆಲ್ಲ ಧೂಳು ಮಾಡಿಕೊಂಡು ಬಂದರು. ತೋಳಲ್ಲಿ ದಪ್ಪನೆಯ ನಿಘಂಟು.

"ಜೀವಕೋಶ ಸಿಗ್ನಿಲ್ಲ ಕಣವ್ವ. ಶಬ್ದಕೋಶ ಐತೆ."

"ಇದಲ್ಲಪ್ಪ, ಜೀವ ಇರೋದು!"

ಅವರು ಪುಸ್ತಕ ಬಿಡಿಸಿ ಒಳಗೊಮ್ಮೆ ಇಣುಕಿ ನೋಡಿದರು. "ಜೀವಕ್ಕೇನು ಮೋಸ ಇಲ್ಲ ಬುಡವ್ವ. ಗೆದ್ಲು ಹರಿದಾಡ್ತಾವೆ."

ಈರುಳ್ಳಿಯ ಮನೆಗಳು

ಕೆ.ಆರ್. ಪೇಟೆಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕನ ಹತ್ತಿರ ಒಂದು ಈರುಳ್ಳಿ ಕೇಳಿದೆ.

"ಯಾಕ್ ಮಿಸ್ಸು?"

"ಮಕ್ಕಳಿಗೆ ತೋರಿಸಬೇಕು."

"ರೈತ್ರ ಮಕ್ಳು ಈರುಳ್ಳಿ ನೋಡಿಲ್ವ?"

ಒಳಗಿರುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ ಎಂದೆ. ನಂಬಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಹಿಂದೆಯೇ ಬಂದರು. ತೆಳ್ಳನೆಯ ಪೊರೆ ಸುಲಿದು, ಬಣ್ಣದ ಹನಿ ಬಿಟ್ಟು, ಗಾಜಿನ ಪಟ್ಟಿಯ ಮೇಲಿಟ್ಟು ಅವರಿಗೇ ಮೊದಲು ತೋರಿಸಿದೆ.

"ಕರ್ರಗೆ ಏನೋ ಅಲ್ಲಾಡ್ತದೆ."

"ಅದು ನಿಮ್ಮ ರೆಪ್ಪೆ ಅಕ್ಕ. ಇನ್ನೂ ಸರಿಯಾಗಿ ನೋಡಿ."

ಆಮೇಲೆ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ಕೀಳಲಿಲ್ಲ. "ಅಯ್ ಶಿವ್ನೆ! ಇಟ್ಗೆ ಗೋಡೆ ಕಟ್ಬುಟ್ಟವ್ರೆ. ಇಟ್ಗೆ ಇಟ್ಗೇಲೂ ಒಂದೊಂದು ಚುಕ್ಕಿ!"

"ಒಂದೊಂದು ಇಟ್ಟಿಗೆಯೂ ಒಂದು ಕೋಶ. ಒಂದು ಮನೆ ಅಂದ್ಕೊಳ್ಳಿ. ಆ ಚುಕ್ಕಿ ಕೋಶಕೇಂದ್ರ, ಮನೆ ಯಜಮಾನ. ಒಳಗಿನ ಕೆಲಸವೆಲ್ಲ ಅವನು ಹೇಳಿದಂತೆ."

ಅವರ ಮುಖ ಸಪ್ಪಗಾಯಿತು. "ದಿನಾ ಎರಡು ಕೇಜಿ ಎಚ್ತೀನಿ ಕಣ್ ಮಿಸ್ಸು. ಇಷ್ಟೊಂದು ಮನೆ ಆಳು ಮಾಡ್ದೋಳಿಗೆ ಕಣ್ಣಲ್ಲಿ ನೀರು ಬರ್ದೆ ಇದ್ದಾತಾ?"

ರವೆ ಉಂಡೆ

ನಾಗಮಂಗಲದಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನ ಬಂತು. ಬೆಳ್ಳೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಹುಡುಗಿ ಜೀವಕೋಶ ಮಾಡಿ ತರುತ್ತೇನೆಂದಳು. ಮುದ್ದೆಯನ್ನು ತಟ್ಟೆಯಗಲಕ್ಕೆ ತಟ್ಟಿ, ನಡುವೆ ಕೋಶಕೇಂದ್ರಕ್ಕೆ ರವೆ ಉಂಡೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಕ್ಕೆ ನಾಲ್ಕು ಖರ್ಜೂರ.

ತೀರ್ಪುಗಾರರು ಪಕ್ಕದ ಕೊಠಡಿಗೆ ಬಂದಾಗಿತ್ತು. ತಟ್ಟೆಯ ಮುಚ್ಚಳ ತೆಗೆದರೆ ಖರ್ಜೂರ ಇವೆ, ನಡುವೆ ಬರೀ ಗುಳಿ.

"ಕೋಶಕೇಂದ್ರ ಎಲ್ಲಮ್ಮ?"

"ಬಸ್ಸು ಕೆಟ್ಟೋಯ್ತು ಮಿಸ್. ಒಟ್ಟೆ ಅಸೀತು."

"ತಿಂದ್ಬಿಟ್ಟೆಯಾ! ಕೋಶಕೇಂದ್ರ ಇಲ್ಲದ ಕೋಶ ಎಲ್ಲಾದರೂ ಉಂಟೇನೇ?"

"ನಮ್ಮ ಕೆಂಪು ರಕ್ತಕಣದಲ್ಲಿ ಇರಲ್ಲ ಅಂತ ನೀವೇ ಹೇಳಿದ್ರಿ."

ಹೇಳಿದ್ದು ನಿಜ. ನಾನೂ ಬಿಡಲಿಲ್ಲ. "ರಕ್ತಕಣದಲ್ಲಿ ಮೈಟೋಕಾಂಡ್ರಿಯಾನೂ ಇರಲ್ಲ ತಾಯಿ!"

ನಾನು ಬೈದದ್ದು; ಅವಳು ಅಪ್ಪಣೆ ಎಂದುಕೊಂಡಳು. ನಾನು ಬಾಗಿಲ ಕಡೆ ನೋಡಿ ತಿರುಗುವಷ್ಟರಲ್ಲಿ ನಾಲ್ಕೂ ಖರ್ಜೂರ ಮಾಯ. ಅಂಗೈಯಲ್ಲಿ ಬೀಜ ಹಿಡಿದುಕೊಂಡು ಹೇಳಿದಳು: "ಈಗ ಸರೋಯ್ತು ಮಿಸ್. ಶಕ್ತೀನೂ ಬಂತು."

ಮುಖ್ಯೋಪಾಧ್ಯಾಯರ ಕೆನ್ನೆ

ಈಗಿರುವ ಶಾಲೆಯಲ್ಲಿ ನಡೆದದ್ದು ಇದು. ನಮ್ಮ ಮುಖ್ಯೋಪಾಧ್ಯಾಯರು ಶಿಸ್ತಿನ ಮನುಷ್ಯ. ಆವರಣದಲ್ಲಿ ಯಾರೂ ಎಲೆಅಡಿಕೆ ಹಾಕಕೂಡದೆಂದು ಆ ವಾರವಷ್ಟೇ ಬೋರ್ಡು ಬರೆಸಿದ್ದರು. ನಿಯಮ ಮುರಿದ ಇಬ್ಬರು ಮೇಷ್ಟ್ರಿಗೆ ನೋಟೀಸೂ ಹೋಗಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಪರಿವೀಕ್ಷಕರು ನನ್ನ ಕ್ಲಾಸಿಗೆ ಬಂದು ಕೂತರು; ಪಕ್ಕದಲ್ಲಿ ಮುಖ್ಯೋಪಾಧ್ಯಾಯರು, ಹಿಂದೆ ನೋಟೀಸು ಪಡೆದ ಆ ಇಬ್ಬರು ಮೇಷ್ಟ್ರು. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಮೆಲ್ಲಗೆ ಸವರಿ ಪ್ರಾಣಿಕೋಶ ನೋಡುವ ಪಾಠ. ಮಕ್ಕಳು ನಾಚಿಕೊಂಡು ಹಿಂದೆ ಸರಿದಾಗ ಮುಖ್ಯೋಪಾಧ್ಯಾಯರೇ ಎದ್ದು, "ನನ್ನದು ತಗೊಳ್ಳಿ. ವಿಜ್ಞಾನಕ್ಕೆ ಏನು ನಾಚಿಕೆ!" ಎಂದು ಬಾಯಿ ತೆರೆದರು.

ಮೊದಲು ನೋಡಿದ್ದು ಮುಂದಿನ ಬೆಂಚಿನ ಹುಡುಗಿ. "ಮಿಸ್, ಹಸ್ರು ಕಾಣ್ತದೆ!"

"ಹಸಿರು ಇರಲ್ಲಮ್ಮ. ಹಸಿರು ಕ್ಲೋರೋಪ್ಲಾಸ್ಟ್ ಇರೋದು ಗಿಡದ ಕೋಶದಲ್ಲಿ, ಬಿಸಿಲಲ್ಲಿ ಆಹಾರ ಮಾಡ್ಕೊಳ್ಳೋಕೆ."

"ಇಲ್ಲೂ ಐತೆ ಮಿಸ್. ಸುತ್ತ ಗೋಡೇನೂ ಐತೆ."

ನಾನು ಬಗ್ಗಿ ನೋಡಿದೆ. ಹಸಿರು ಇತ್ತು. ಗೋಡೆಯೂ ಇತ್ತು. ಇಷ್ಟು ವರ್ಷ ಕಲಿಸಿದ್ದೆಲ್ಲ ತಪ್ಪೇನೋ ಎಂದು ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದೆ. ದಿನವೂ ಊಟವಾದ ಮೇಲೆ ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಯ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೂರುತ್ತಿದ್ದದ್ದು ಆಮೇಲೆ ನೆನಪಾಯಿತು. ವೀಳ್ಯದೆಲೆ!

ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಪಾಠ ಹೋಗುತ್ತದೆ. ಅಷ್ಟರಲ್ಲಿ ಪರಿವೀಕ್ಷಕರು ಬಂದು ನೋಡಿ, ಪೆನ್ನು ತೆಗೆದು ಗಂಭೀರವಾಗಿ ಕೇಳಿದರು.

"ಸಾರ್, ಇದರಲ್ಲಿ ಎರಡೇ ದಾರಿ. ಒಂದೋ ನೀವು ಎಲೆ ಹಾಕಿದ್ದೀರಿ, ಇಲ್ಲವೇ ನೀವು ಗಿಡ. ಏನಂತ ಬರ್ಕೊಳ್ಳಲಿ?"

ಮುಖ್ಯೋಪಾಧ್ಯಾಯರು ಕಿಟಕಿಯಾಚೆಯ ಬೋರ್ಡನ್ನೊಮ್ಮೆ ನೋಡಿದರು. ಹಿಂದೆ ನಿಂತಿದ್ದ ಆ ಇಬ್ಬರು ಮೇಷ್ಟ್ರನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

"ಗಿಡ ಅಂತಲೇ ಬರ್ಕೊಬುಡಿ ಸಾರ್."