ಇಲಿಗೊಂದು ಊರು

ನಾನು ಅಹಿಂಸಾವಾದಿ. ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಕೆಲವರು ಕರುಣೆಯಿಂದ ಅಹಿಂಸೆ ಪಾಲಿಸುತ್ತಾರೆ, ಕೆಲವರು ಪಾಪಕ್ಕೆ ಅಂಜಿ. ನಾನು ಪಾಲಿಸುವುದು ಗುರಿ ತಪ್ಪುವುದರಿಂದ. ಸೊಳ್ಳೆಗೆಂದು ಎತ್ತಿದ ಕೈ ಇಷ್ಟು ವರ್ಷಗಳಲ್ಲಿ ನನ್ನ ಕೆನ್ನೆಗೆ ಬಿದ್ದಷ್ಟು ಸಲ ಸೊಳ್ಳೆಗೆ ಬಿದ್ದಿಲ್ಲ. ಜಿರಲೆಯ ಮೇಲೆ ಎಸೆದ ಚಪ್ಪಲಿಯೊಂದು ಕಿಟಕಿ ದಾಟಿ, ಬೀದಿಯಲ್ಲಿ ಭಿಕ್ಷೆಗೆ ಹೊರಟಿದ್ದ ಅಯ್ಯನವರ ಜೋಳಿಗೆಯಲ್ಲಿ ಬಿದ್ದು, ಅವರು ಬಾಗಿಲಿಗೆ ಬಂದು ಶಾಂತವಾಗಿ ಇನ್ನೊಂದನ್ನೂ ಕೇಳಿದ್ದುಂಟು. ಇಂಥವನ ಪಾಲಿಗೆ, ಒಂದು ಪ್ರಾಣಿಯನ್ನು ನೋಯಿಸದೆ ಮನೆಯಿಂದ ಸಾಗಹಾಕುವ ಹೊಣೆ ಬಂದರೆ, ಯೋಗ್ಯತೆಗೆ ತಕ್ಕ ಹುದ್ದೆಯೇ ಸಿಕ್ಕಿತೆಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಮಾತು. ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ನನ್ನ ವಿಜ್ಞಾನದ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ನನ್ನ ಅಂಗಿಯ ಬಗ್ಗೆ ಒಂದೇ. ರವಿವಾರಕ್ಕೊಮ್ಮೆ ಹೆಂಡತಿ ಗಂಜಿ ಹಾಕಿ ಒಣಗಿಸುತ್ತಿದ್ದ ಆ ಬಿಳಿ ಅಂಗಿಗಳು ನಾನು ಒಳಗಿರದಿದ್ದರೂ ತಾವೇ ನಿಲ್ಲುವಷ್ಟು ಸ್ವಾಭಿಮಾನಿಗಳು. ವರ್ಗದೊಳಗಿನ ಅರ್ಧ ಶಿಸ್ತನ್ನು ನನ್ನ ಕಾಲರೇ ನೋಡಿಕೊಳ್ಳುತ್ತಿತ್ತು. ನಾವು ಬಾಡಿಗೆಗಿದ್ದದ್ದು ನೇಕಾರ ವೀರಭದ್ರಪ್ಪನವರ ಮನೆಯ ಹಿಂಭಾಗದಲ್ಲಿ. ಮುಂಭಾಗದಲ್ಲಿ ಅವರು, ಅವರ ತಾಯಿ ಗಂಗವ್ವ ಮತ್ತು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಒಂದು ಕುಣಿಮಗ್ಗ. ಆ ವರ್ಷ ಮಗ್ಗಕ್ಕೆ ಏರಿದ್ದು ಮಾರುವ ಸೀರೆಯಲ್ಲ. ಗಂಡನ ಮನೆಯಲ್ಲಿದ್ದ ಮಗಳು ಚೊಚ್ಚಲ ಬಸುರಿ. ಅವಳ ಕುಬಸಕ್ಕೆ, ಅಂದರೆ ನಮ್ಮ ಕಡೆಯ ಸೀಮಂತಕ್ಕೆ, ತಂದೆ ಕೈಯಾರೆ ನೇಯುತ್ತಿದ್ದ ಹಸಿರು ಸೀರೆ. ಅದರ ಹಾಸನ್ನು, ಅಂದರೆ ಮಗ್ಗದುದ್ದಕ್ಕೂ ಬಿಗಿದ ಎಳೆಗಳನ್ನು, ಒಂದು ಇಲಿ ಮೂರು ಸಲ ಕಡಿಯಿತು. ವೀರಭದ್ರಪ್ಪ ಮೂರು ಸಲವೂ ಎಳೆಗೆ ಎಳೆ ಹುಡುಕಿ ಗಂಟು ಹಾಕಿದರು. ಮೂರನೆಯ ಸಲ ಗಂಟು ಹಾಕಿ ಎದ್ದವರು ನೇರ ನಮ್ಮ ಬಾಗಿಲಿಗೆ ಬಂದರು.

“ಇನ್ನ ಮುಗೀತ್ರಿ ಮಾಸ್ತರ. ನಾಳೆ ಔಷಧ ತಂದು ಹಾಕವ ನಾ,” ಎಂದರು. ಕೊಲ್ಲುವ ವಿಷವನ್ನೂ ಔಷಧವೆಂದೇ ಕರೆಯುವ ಸೌಜನ್ಯ ನಮ್ಮ ಜನರದು.

ಒಳಗಿನಿಂದ ನನ್ನ ಹೆಂಡತಿ ಬಂದಳು. ಕಂಕುಳಲ್ಲಿ ಬೆಕ್ಕು. “ಯಣ್ಣಾ, ಹ್ವಾದ ವರ್ಷ ಔಷಧ ತಿಂದ ಇಲಿ ಹಿಡದು ನಮ್ಮ ಕರಿಯಾ ಬೆಕ್ಕು ಒದ್ದಾಡಿ ಒದ್ದಾಡಿ ಸತ್ತಿದ್ದು ಮರತ್ರೇನು? ಈಗ ಬೆಳ್ಳಿ ಬಸರಿ ಐತಿ. ನಿಮ್ಮ ಮಗಳು ಹೆಂಗೋ ಇದೂ ಹಂಗ.”

ವೀರಭದ್ರಪ್ಪ ಬೆಕ್ಕಿನ ಹೊಟ್ಟೆ ನೋಡಿದರು, ನೆಲ ನೋಡಿದರು. “ಅಲ್ಲ ಯಕ್ಕಾ, ಮನ್ಯಾಗ ಬೆಕ್ಕಿದ್ದೂ ಇಲಿ ಹೆಂಗ ಉಳದೈತ್ರಿ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಕರಿಯನ ಸಾವಿನ ನಂತರ ನನ್ನ ಹೆಂಡತಿ ಬೆಳ್ಳಿಯನ್ನು ಹಾಲು-ರೊಟ್ಟಿಯಲ್ಲೇ ಬೆಳೆಸಿದ್ದಳು. ನಮ್ಮ ಮನೆಯ ಆಚಾರಕ್ಕೆ ಅದು ನಮಗಿಂತ ಚೆನ್ನಾಗಿ ಒಗ್ಗಿತ್ತು. ಇಲಿ ಎದುರು ಬಂದರೆ ಸರಿದು ದಾರಿ ಬಿಡುತ್ತಿತ್ತು. ಕತ್ತರಿಯಂತೆ ಬಡಿಯುವ ಬೋನಿಡೋಣವೆಂದರೆ ಅದರದೇ ಕಾಲು ಸಿಕ್ಕೀತೆಂಬ ಭಯ. ಕೊನೆಗೆ ಹೆಂಡತಿ ನನ್ನತ್ತ ಕೈ ಮಾಡಿ, “ನಮ್ಮನಿಯವರು ಸೈನ್ಸ್ ಮಾಸ್ತರ ಅದಾರ. ಯಾರ ಜೀವಕ್ಕೂ ಅಪಾಯ ಇಲ್ದಂಗ ಏನರ ಮಾಡತಾರ,” ಎಂದಳು. ನನ್ನ ವಿದ್ಯೆಯ ಮೇಲೆ ಅವಳು ಭರವಸೆ ಇಟ್ಟದ್ದು ಅದೇ ಮೊದಲು. “ಶನಿವಾರದ ತನಕಾ ನೋಡತೇನಿ,” ಎಂದರು ವೀರಭದ್ರಪ್ಪ. ಅಂದು ರವಿವಾರ.

ಮೊದಲು ಹೊಗೆಯ ಉಪಾಯ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಕೆಂಡದ ಮೇಲೆ ಹಾಕಿ ಮಗ್ಗದ ಕುಣಿಯಲ್ಲಿಟ್ಟೆ. ಐದೇ ನಿಮಿಷದಲ್ಲಿ ಎರಡೂ ಸಂಸಾರಗಳು, ಬೆಳ್ಳಿ, ಮತ್ತು ಸುಮ್ಮನೆ ಮಾತಾಡಲು ಬಂದಿದ್ದ ಪಕ್ಕದ ಮನೆಯವರು ಬೀದಿಯಲ್ಲಿ ನಿಂತು ಕಣ್ಣೀರು ಸುರಿಸುತ್ತಿದ್ದೆವು. ದಾರಿಹೋಕರು ಯಾರೋ ತೀರಿಕೊಂಡಿರಬೇಕೆಂದು ಚಪ್ಪಲಿ ಬಿಟ್ಟು ಕೈಮುಗಿದರು. ಮನೆಯೊಳಗೆ ಉಳಿದದ್ದು ಇಲಿ ಮಾತ್ರ. ಸೋಮವಾರ ಯರಗಟ್ಟಿಯ ಸಂತೆಪೇಟೆಯಿಂದ ತಂತಿಯ ಬೋನು ತರಿಸಿದೆ. ಒಳಗೆ ಹೋದರೆ ಬಾಗಿಲು ಬೀಳುವ, ಬಾಲಕ್ಕೂ ನೋವಾಗದ ಸಭ್ಯ ಬೋನು. ಕೊಬ್ಬರಿ ಇಟ್ಟೆ, ಭಜಿ ಇಟ್ಟೆ, ಶೇಂಗಾ ಚಟ್ನಿ ಸವರಿದ ರೊಟ್ಟಿ ಇಟ್ಟೆ. ಇಲಿ ಬೋನನ್ನು ಬಳಸಿ ಹೋಗಿ ಮತ್ತೆ ನಾಲ್ಕು ಎಳೆ ಕಡಿಯಿತು.

“ಮಾಸ್ತರ,” ಎಂದಳು ಗಂಗವ್ವ, ಎಲೆ-ಅಡಿಕೆ ಕುಟ್ಟುತ್ತ, “ಅದಕ್ಕ ನೂಲಿನ ಮ್ಯಾಲೇನ್ ಸಿಟ್ಟೈತೇನ್ರಿ? ಹಾಸಿನ ಎಳಿಗೆ ಗಂಜಿ ಹಚ್ಚೇವಿ. ಗಂಜಿ ನೆಕ್ಕಾಕ ಬರತೈತಿ ಬಡಪಾಯಿ, ನೂಲು ಹಲ್ಲಿಗೆ ಅಡ್ಡ ಬರತಾವ. ಇಷ್ಟ ಸಾಲಿ ಕಲ್ತ್ರಿ, ಕೇಳಬಾರದಾ ನನ್ನ?”

ಇಪ್ಪತ್ತು ವರ್ಷ ಆಹಾರ ಸರಪಳಿಯನ್ನು ಬೋರ್ಡಿನ ಮೇಲೆ ಬಿಡಿಸಿದವನಿಗೆ ಇಲಿಯ ಊಟ ಯಾವುದೆಂದು ಹೊಳೆದಿರಲಿಲ್ಲ. ಮಂಗಳವಾರ ನಮ್ಮೆರಡೂ ಮನೆಗಳಲ್ಲಿ ಗಣಪತಿ ಕೂತ. ಸಂಜೆ ಒಂದು ಹಿಡಿ ನೂಲನ್ನು ಗಂಜಿಯಲ್ಲಿ ಅದ್ದಿ ಬೋನಿಗೆ ಕಟ್ಟಿದೆ. ಬುಧವಾರ ಬೆಳಿಗ್ಗೆ ಬಾಗಿಲು ಬಿದ್ದಿತ್ತು. ಒಳಗೆ ಇಲಿ, ಮೀಸೆಗೆ ಗಂಜಿ. ನಾನು ಬೋನನ್ನೆತ್ತಿ ಅಂಗಳಕ್ಕೆ ತಂದು, ಹಿಂಸೆಯಿಲ್ಲದೆಯೂ ಶತ್ರುವನ್ನು ಗೆಲ್ಲಬಹುದೆಂದು ಎರಡು ಮಾತು ಆಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಗವ್ವ ಎಡೆಯ ತಾಟು ಹಿಡಿದು ಹೊರಬಂದಳು. ಬೋನು ನೋಡಿ ಅವಳ ಮುಖ ಕಪ್ಪಿಟ್ಟಿತು.

“ಇವತ್ತ ಏನ್ ವಾರ ಅನ್ನೂದರ ಗೊತ್ತೈತಿಲ್ಲೋ ನಿಮಗ?”

ಬುಧವಾರ ಎನ್ನಲು ಬಾಯಿ ತೆರೆದವನು ನೆನಪಾಗಿ ಮುಚ್ಚಿದೆ. ಚೌತಿಯ ಮರುದಿನ ನಮ್ಮಲ್ಲಿ ಇಲಿವಾರ. ಅಂದು ನೇಕಾರ ಮಗ್ಗಕ್ಕೆ ಇಳಿಯುವುದಿಲ್ಲ, ಸಿಂಪಿಗ ಕತ್ತರಿ ಹಿಡಿಯುವುದಿಲ್ಲ. ವರ್ಷವಿಡೀ ಬಟ್ಟೆ ಕಡಿಯಬೇಡಪ್ಪಾ ಎಂದು ಇಲಿಗೆ ಎಡೆ ಇಟ್ಟು ಬೇಡಿಕೊಳ್ಳುವ ದಿನ. ಮುನ್ನೂರ ಅರವತ್ತೈದು ದಿನಗಳಲ್ಲಿ ಅತಿಥಿಯನ್ನು ಜೈಲಿಗೆ ಹಾಕಲು ನಾನು ಆರಿಸಿಕೊಂಡದ್ದು ಅವನ ಹಬ್ಬವನ್ನೇ. ವೀರಭದ್ರಪ್ಪ ಸಂಕಟದಿಂದ, “ಬಿಟ್ರ ಹಾಸ ಹೋಕ್ಕೈತಿ, ಬಿಡದಿದ್ರ ಪಾಪ ಬರತೈತಿ,” ಎಂದರು. ಕೊನೆಗೆ ಗಂಗವ್ವಳೇ ತೀರ್ಪು ಕೊಟ್ಟಳು: ಇವತ್ತು ಉಣಿಸುವುದು, ನಾಳೆ ಕಳಿಸುವುದು. ತಂತಿಯ ಸಂದಿಯಿಂದ ಕಡಬು ಒಳಗೆ ಹೋಯಿತು. ಇಲಿ ಕುಳಿತು ಎರಡೂ ಕೈಯಲ್ಲಿ ಹಿಡಿದು ಉಂಡಿತು. ಸುದ್ದಿ ಓಣಿಗೆಲ್ಲ ಹಬ್ಬಿತು. ವರ್ಷವೂ ಕಾಣದ ಇಲಿಗೆ ಎಡೆ ಇಡುತ್ತಿದ್ದವರು, ಈ ಸಲ ಸಾಕ್ಷಾತ್ ಕೂತು ಉಣ್ಣುತ್ತದಂತೆ ಎಂದು ತಾಟು ಹಿಡಿದು ಸಾಲುಗಟ್ಟಿ ಬಂದರು. ಬೋನಿಗೆ ಕುಂಕುಮ ಬಿತ್ತು. ಮುದುಕಿಯೊಬ್ಬಳು ನನ್ನನ್ನು ಪೂಜಾರಿಯೆಂದು ತಿಳಿದು ಪ್ರಸಾದ ಕೇಳಿದಳು.

ಮರುದಿನ ರಜೆ ಹಾಕಿ, ಬೋನನ್ನು ತೊಡೆಯ ಮೇಲಿಟ್ಟುಕೊಂಡು ಕಟಕೋಳದ ಬಸ್ಸಿನಲ್ಲಿ ಕುಳಿತೆ. ಊರಾಚೆ ಎಲ್ಲಾದರೂ ಬಿಟ್ಟು ಬರುವುದೆಂದು ಯೋಜನೆ. ಕಂಡಕ್ಟರ್ ಬಗ್ಗಿ ನೋಡಿ, “ಇದಕ್ಕ ಟಿಕೀಟ ಇಲ್ರಿ, ಆದ್ರ ಸೀಟೂ ಇಲ್ಲ, ತೊಡಿ ಮ್ಯಾಲೇ ಇರಲಿ,” ಎಂದ. ಎರಡು ಮೈಲಿ ದಾಟಿದ ಮೇಲೆ ನಾನು ಎದ್ದೆ.

“ಎಲ್ಲಿ ಬಿಡವ್ರು?” ಎಂದ ತಲೆಗೆ ಪಟಗಾ ಸುತ್ತಿದ್ದ ಪಕ್ಕದವನು.

“ಇಲ್ಲೇ.”

“ಇಲ್ಲೇ ಅಂದ್ರ? ನನ್ನ ಶೇಂಗಾ ಹೊಲಾರೀ ಅದು! ಕುಂಡ್ರಿ ಕೆಳಗ.”

ಕುಳಿತೆ. ಇನ್ನೊಂದು ಮೈಲಿಗೆ ಮತ್ತೆ ಎದ್ದೆ. ಹಿಂದಿನ ಸೀಟಿನಿಂದ, “ಅದು ನಮ್ಮ ಬೀಗರ ಗೋವಿನಜೋಳ,” ಎಂದು ದನಿ ಬಂತು. ಮುಂದೆ ಯಾರದೋ ಬಣವೆ, ಅದರ ಮುಂದೆ ಯಾರದೋ ಅಳಿಯನ ಸೂರ್ಯಕಾಂತಿ. ಹಳ್ಳದ ದಂಡೆಯಾದರೂ ಸರಕಾರದ್ದಲ್ಲವೇ ಎಂದರೆ, “ಹಳ್ಳ ಸರಕಾರದ್ದು, ದಂಡಿ ನಮ್ಮದು,” ಎಂದರು. ಒಬ್ಬ ಅಜ್ಜಿ ಮಾತ್ರ ಇಲಿಯನ್ನೇ ನೋಡುತ್ತ ಮರುಗಿದಳು: “ಗಂಜಿ ಉಂಡು ಬೆಳದದ್ದು ಅಡವ್ಯಾಗ ಹೆಂಗ ಬಾಳೇ ಮಾಡಬೇಕ್ರಿ? ನಿಮ್ಮನ್ನ ತಗೊಂಡು ಹೋಗಿ ಬಿತ್ತಾಕ ಹಚ್ಚಿದಂಗ.” ಬಸ್ಸಿಗೆ ಬಸ್ಸೇ ನಕ್ಕಿತು. ಕಟಕೋಳದಲ್ಲಿ ಎಲ್ಲರೂ ಇಳಿದರು. “ಮಾಸ್ತರ, ಗಾಡಿ ಇಲ್ಲೇ ತಿರುಗತೈತಿ,” ಎಂದ ಕಂಡಕ್ಟರ್. “ನೀವಿಬ್ರೂ ಇಳಿತೀರೋ, ತಿರುಗಿ ಬರತೀರೋ?”

ತಿರುಗಿ ಬಂದೆವು. ದಾರಿಯುದ್ದಕ್ಕೂ ನನಗೊಂದೇ ಯೋಚನೆ. ನೋವಿಲ್ಲದೆ ಸಾಗಹಾಕುವುದೆಂದರೆ ನಮ್ಮ ನೋವನ್ನು ಇನ್ನೊಬ್ಬರ ಹೊಲದಲ್ಲಿ ಇಳಿಸಿ ಬರುವುದೇ? ಇಲಿ ಇಲ್ಲದ ಊರಾದರೂ ಸಿಕ್ಕೀತು, ಯಾರದೂ ಅಲ್ಲದ ಹೊಲ ಸಿಗಲಿಲ್ಲ. ಅಂಗಳದಲ್ಲಿ ಬೋನು ಇಳಿಸಿ ನಡೆದದ್ದನ್ನೆಲ್ಲ ಹೇಳಿದೆ. ಗಂಗವ್ವ ಕೇಳಿ, “ಈ ಅಂಗಳ ಯಾರದು?” ಎಂದಳು. “ನಿಮ್ಮದು.” “ಹಂಗಾರ ಇಲ್ಲೇ ಬಿಡ್ರಿ. ಬ್ಯಾರೇದವರ ತಕರಾರಿಲ್ಲ.” ನಾನು ತಡೆಯುವುದರೊಳಗೆ ಬಾಗಿಲೆತ್ತಿ, “ಹೋಗಪಾ, ಊಟಾನೂ ಆತು, ಊರೂ ನೋಡಿ ಬಂದಿ,” ಎಂದು ಬಿಟ್ಟೇಬಿಟ್ಟಳು. ವೀರಭದ್ರಪ್ಪನವರ ಕಣ್ಣಿನಲ್ಲಿ ಶನಿವಾರ ಕಂಡಿತು. ನಾನು ಖಾಲಿ ಬೋನನ್ನು ನೋಡುತ್ತ ನಿಂತವನು ಸಟ್ಟನೆ ಹೇಳಿದೆ: “ಇಲಿ ಹೊರಗ ಇರಲಿ ಬಿಡ್ರಿ. ಮಗ್ಗಾನ ಬೋನಿನ್ಯಾಗ ಹಾಕೂಣು.”

ಶುಕ್ರವಾರ ಬಡಿಗ ಬಂದ. ಕಟ್ಟಿಗೆಯ ಚೌಕಟ್ಟಿಗೆ ಸಣ್ಣ ಕಣ್ಣಿನ ತಂತಿಯ ಜಾಳಿಗೆ ಬಡಿದು, ಕುಣಿಯಿಂದ ಮೇಲಿನವರೆಗೆ ಮಗ್ಗವನ್ನೇ ಮುಚ್ಚುವಂಥ ಬೋನು ಮಾಡಿಕೊಟ್ಟ. ನೇಯ್ಗೆ ಮುಗಿದ ಮೇಲೆ ಮುಚ್ಚುವುದು, ಬೆಳಿಗ್ಗೆ ತೆಗೆಯುವುದು. ಶನಿವಾರ ಒಂದು ಎಳೆಯೂ ಹರಿದಿರಲಿಲ್ಲ. ಔಷಧ ಬರಲಿಲ್ಲ. ಬೆಳ್ಳಿ ನಾಲ್ಕು ಮರಿ ಹಾಕಿತು. ಹಸಿರು ಸೀರೆ ಮುಗಿದು ಮಗಳ ಕುಬಸಕ್ಕೆ ಹೊರಟಾಗ ವೀರಭದ್ರಪ್ಪ ಅದರ ಮಡಿಕೆಯನ್ನು ನನ್ನ ಕೈಯಲ್ಲಿಟ್ಟು, “ಎಲ್ಲಿ ಗಂಟೈತಿ ತೋರಸ್ರಿ ನೋಡೂಣು,” ಎಂದರು. ಸಿಗಲಿಲ್ಲ. ಓಣಿಯವರು ನನ್ನನ್ನು ಇಲಿ ಮಾಸ್ತರ ಎಂದು ಕರೆಯತೊಡಗಿದರು. ನಾನು ಅದನ್ನು ಪದವಿಯೆಂದೇ ಸ್ವೀಕರಿಸಿದೆ.

ಕುಬಸ ಮುಗಿದ ಸೋಮವಾರ ಶಾಲೆಗೆ ಹೊರಡಲು ಅಂಗಿ ತೆಗೆದರೆ ಕಾಲರು ಇರಲಿಲ್ಲ. ಇನ್ನೊಂದು ತೆಗೆದೆ, ಅದಕ್ಕೂ ಇಲ್ಲ. ಗಂಜಿ ಹೆಚ್ಚು ಕುಡಿದ ಜಾಗವನ್ನೇ ಹುಡುಕಿ, ಇಲಿ ಕಪಾಟಿನಲ್ಲಿದ್ದ ಐದೂ ಅಂಗಿಗಳನ್ನು ಸಮಾನ ಭಾವದಿಂದ ಉಂಡಿತ್ತು. ಮಗ್ಗದಲ್ಲಿ ಊಟ ನಿಂತ ಮೇಲೆ ಅದಾದರೂ ಎಲ್ಲಿಗೆ ಹೋಗಬೇಕು? ಆದರೆ ಆ ಹೊತ್ತಿನಲ್ಲಿ ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. “ಔಷಧದ ಅಂಗಡಿ ಎಷ್ಟೊತ್ತಿಗೆ ತಗೀತಾರ?” ಎಂದು ಕೂಗಿದೆ.

ಹೆಂಡತಿ ಮರಿಗಳಿಗೆ ಹಾಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. “ಹೆಣ್ಣುಮಗಳ ಸೀರಿ ಹರದಾಗ ದಯಾ ಇತ್ತು. ಈಗ ನಿಮ್ಮ ಕಾಲರ್ ಹರೀತಲ್ಲ, ತರ್ರಿ ಔಷಧ,” ಎಂದಳು. ನೋಡಿದರೆ ಅವಳು ಹಾಸುತ್ತಿದ್ದದ್ದೂ ನನ್ನದೇ ಅಂಗಿ, ಆರನೆಯದು.

ಅಂದಿನಿಂದ ನನ್ನ ಅಂಗಿಗೆ ಗಂಜಿ ಇಲ್ಲ. ಇಲಿ ನಮ್ಮ ಕಪಾಟಿನ ಕಡೆ ಮತ್ತೆ ಬರಲಿಲ್ಲ. ಹೆಡ್ ಮಾಸ್ತರರು ಮೊದಲ ವಾರ, “ಆರಾಮಿಲ್ಲೇನ್ರಿ? ಬಾಡಿಬಿಟ್ಟೀರಿ,” ಎಂದು ವಿಚಾರಿಸಿದರು. ಯಾವ ಜೀವಕ್ಕೂ ಅಪಾಯವಿಲ್ಲದೆ ಇಲಿಯನ್ನು ದೂರವಿಡುವ ವಿಧಾನವನ್ನು ನಾನು ಕೊನೆಗೂ ಕಂಡುಹಿಡಿದಿದ್ದೇನೆ ಎಂದು ಹೇಳಬಹುದು. ನಷ್ಟವೆಂದರೆ ಇಷ್ಟೇ: ಮೊದಲು ನನ್ನ ಕಾಲರು ಬಾಗಿಲಿಗೆ ಬಂದರೆ ಸಾಕು, ಹುಡುಗರು ಎದ್ದು ನಿಲ್ಲುತ್ತಿದ್ದರು. ಆಮೇಲೆ ನಾನು ಒಳಗೆ ಬಂದಿದ್ದೇನೆಂದು ತಿಳಿಸಲು ಎರಡು ಸಲ ಕೆಮ್ಮಬೇಕಾಗುತ್ತಿತ್ತು.